ಅಮ್ಮನಿಗೊಂದು ಸ್ವಂತ ಮಂಡಿ

ಮಂಗಳವಾರ, ಮಾರ್ಚ್ ೧೧
ಲ್ಯಾಬಿನ ಕೆಳಗಿನ ಕ್ಯಾಂಟೀನಿನಿಂದ

ಪ್ರೀತಿಯ ಅಮ್ಮಾ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕೈಯಲ್ಲಿ ಫೋನ್ ಇಟ್ಟುಕೊಂಡು ಮಗಳು ಕಾಗದ ಬರೆದಿದ್ದಾಳೆ ಅಂದರೆ ನೀನು ಗಾಬರಿಯಾಗುತ್ತೀ. ಆಗಬೇಡ. ನನಗೆ ಜ್ವರ ಇಲ್ಲ, ಫೇಲಾಗಿಲ್ಲ, ಯಾರನ್ನೂ ಮದುವೆಯಾಗಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೆಂದರೆ ಹೊರಟ ಬಸ್ಸಿಗೆ ಓಡಿ ಹತ್ತಿದ ಹಾಗೆ. ಊಟ ಆಯ್ತಾ, ನಿದ್ದೆ ಬಂತಾ ಅಂತ ನೀನು ಕೇಳಿ, ನಾನು ಹೂಂ ಹೂಂ ಅನ್ನುವಷ್ಟರಲ್ಲಿ "ಸರಿ, ರೈಟ್ ರೈಟ್" ಅಂದು ಇಟ್ಟೇಬಿಡುತ್ತೀ. ನಾನು ಈಗ ಹೇಳಬೇಕಾದದ್ದು ಅಷ್ಟು ಹೊತ್ತಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಇನ್ನೊಂದು ಕ್ಷಮೆ ನನ್ನ ಕನ್ನಡಕ್ಕೆ. ಹಾಸ್ಟೆಲ್ ಶಾಲೆ ನನ್ನ ಒಂದು ಕಾಲನ್ನು ಇಂಗ್ಲಿಷಿನಲ್ಲಿ ಊರಿಸಿ ಇನ್ನೊಂದನ್ನು ಗಾಳಿಯಲ್ಲೇ ಬಿಟ್ಟಿತು. ಒತ್ತಕ್ಷರ ಎಲ್ಲೆಲ್ಲೋ ಜೋತುಬಿದ್ದಿದ್ದರೆ ತಿದ್ದಿಕೊಂಡು ಓದು. ಅಲ್ಲಿಂದ ಪ್ರತಿ ಭಾನುವಾರ ನಿನಗೆ ಬರೆಯುತ್ತಿದ್ದೆನಲ್ಲ, ಅವೆಲ್ಲ ವಾರ್ಡನ್ ಬೋರ್ಡಿನ ಮೇಲೆ ಬರೆದದ್ದನ್ನು ನಕಲು ಮಾಡಿದ ಕಾಗದಗಳು. ಐ ಆಮ್ ಫೈನ್, ಹೋಪ್ ಯು ಆರ್ ಫೈನ್. ನೀನು ಅವನ್ನು ಟಿಕೆಟ್ ಬ್ಯಾಗಿನಲ್ಲಿಟ್ಟುಕೊಂಡು, ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಟೀಚರಮ್ಮನ ಕೈಲಿ ಓದಿಸಿಕೊಳ್ಳುತ್ತಿದ್ದೆ. ಒಂದು ರಜೆಯಲ್ಲಿ ನಾನು ಮನೆಗೆ ಬಂದಾಗ, "ಅಮ್ಮನ ಪಕ್ಕ ಮಲಗಬೇಕು ಅನ್ನಿಸ್ತಿದೆ ಅಂತ ಬರೆದಿದ್ಯಲ್ಲ, ಬಾ, ಮಲ್ಕೋ" ಅಂತ ಹಾಸಿಗೆಯಲ್ಲಿ ಸರಿದು ಜಾಗ ಮಾಡಿದೆ. ನಾನು ಹಾಗೆ ಬರೆದೇ ಇರಲಿಲ್ಲ ಅಮ್ಮಾ. ಟೀಚರಮ್ಮನೇ ಸೇರಿಸಿ ಓದಿದ್ದರು. ಆದರೆ ಅವರು ಸೇರಿಸಿದ್ದು ಸುಳ್ಳೂ ಆಗಿರಲಿಲ್ಲ. ಈ ಸಲ ಮಧ್ಯೆ ಯಾರೂ ಬೇಡ ಅಂತ ನಾನೇ ಕನ್ನಡದಲ್ಲಿ ಕೂತಿದ್ದೇನೆ.

ಎರಡು ಸುದ್ದಿ ಇವೆ. ಒಂದು ನನ್ನ ಕೆಲಸದ್ದು, ಅದು ಸಿಹಿ. ಇನ್ನೊಂದು ನಿನ್ನ ಮಂಡಿಯದು. ಸಿಹಿಯನ್ನು ಮೊದಲು ಬಡಿಸುತ್ತೇನೆ. ಪುಕ್ಕಲಿ ಅಂತ ನೀನು ಬೈದರೂ ಸರಿ.

ನಾನು ಇಲ್ಲಿ ಏನು ಮಾಡುತ್ತೇನೆ ಅಂತ ನಿನಗೆ ನೆಟ್ಟಗೆ ಹೇಳೇ ಇಲ್ಲ. ಕೇಳಿದಾಗಲೆಲ್ಲ "ಸೆಲ್ಸ್ ಅಮ್ಮಾ, ಕುರಿ ಮಂಡಿಯ ಸೆಲ್ಸ್" ಅಂತ ತೇಲಿಸಿದ್ದೇನೆ. ಕೇಳು. ಮೂಳೆಯ ತುದಿಯಲ್ಲಿ ಬೆಳ್ಳಗೆ, ಒದ್ದೆ ಸೋಪಿನಷ್ಟು ನುಣುಪಾಗಿ ಒಂದು ಪದರ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಮೃದ್ವಸ್ಥಿ ಅನ್ನುತ್ತಾರೆ. ಎರಡು ಮೂಳೆ ಒಂದಕ್ಕೊಂದು ಉಜ್ಜದ ಹಾಗೆ ಕಾಯುವುದು ಅದೇ. ಅದರೊಳಗಿನ ಜೀವಕೋಶಗಳು ಬಹಳ ಕಡಿಮೆ. ಒಂದೊಂದೂ ತನ್ನದೇ ಪುಟ್ಟ ಕೋಣೆಯಲ್ಲಿ ಒಂಟಿಯಾಗಿ ಕೂತಿರುತ್ತದೆ. ಅಕ್ಕಪಕ್ಕದವರಿಲ್ಲ, ರಕ್ತದ ಓಡಾಟವಿಲ್ಲ. ಹಾಗಾಗಿ ಪದರ ಒಮ್ಮೆ ಸವೆದರೆ ತಾನಾಗಿ ಬೆಳೆಯುವುದಿಲ್ಲ. ನಾವು ಒಂದು ಚೂರು ಪದರ ತೆಗೆದು, ಆ ಕೋಣೆಗಳ ಗೋಡೆ ಕರಗಿಸಿ, ಒಳಗಿರುವವರನ್ನು ಹೊರಗೆ ಕರೆದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಸಾಕಿ, ಅವರ ಸಂಸಾರ ಬೆಳೆಸಿ, ಮತ್ತೆ ಹೊಸ ಪದರ ಕಟ್ಟಿಸಲು ನೋಡುತ್ತೇವೆ. ಹೊರಗೆ ಕರೆಯುವ ಹೊತ್ತಿನಲ್ಲೇ ಹೆಚ್ಚಿನವು ಸತ್ತುಹೋದರೆ ಮುಂದಿನದೆಲ್ಲ ಬರೀ ಮಾತು. ನಮ್ಮ ಗೈಡ್ ಮೇಡಂ ನನಗೆ ಒಪ್ಪಿಸಿದ್ದು ಆ ಒಂದು ಹಂತವನ್ನೇ. ಹೆಚ್ಚು ಜೀವಕೋಶ ಬದುಕಿ ಹೊರಗೆ ಬರಬೇಕು, ಅಷ್ಟೇ.

ಮೊದಲ ವರ್ಷದವರ ಕೈಗೆ ಮನುಷ್ಯರ ಚೂರು ಕೊಡುವುದಿಲ್ಲ. ಬೀದಿ ಕೊನೆಯ ಮಾಂಸದಂಗಡಿಯಿಂದ ಕುರಿಯ ಮಂಡಿ ತರಬೇಕು. ನನಗೆ ಬೇಕಾದ್ದನ್ನು ಅಂಗಡಿಯವನಿಗೆ ವಿವರಿಸಿದಾಗ ಅವನು ಕತ್ತಿ ಕೆಳಗಿಟ್ಟು, "ಮಾಂಸ ಬೇಡ, ಮೂಳೆ ಬೇಡ, ಮೂಳೆ ಮೇಲಿರೋ ಹೊಳಪು ಮಾತ್ರ ಬೇಕಾ? ನಿಮ್ಮ ಹಾಸ್ಟೆಲಿನವರು ಅಷ್ಟೊಂದು ಜಿಪುಣರಾ?" ಅಂದ. ಈಗ ನಾನು ಬೀದಿಯಲ್ಲಿ ಕಂಡರೆ ಸಾಕು, "ಹೊಳಪು ಬಂತು, ಹೊಳಪು ಬಂತು" ಅಂತ ಕೂಗುತ್ತಾನೆ.

ಚೂರುಗಳನ್ನು ಕರಗಿಸಲು ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇದೆ. ಸಣ್ಣಗೆ ಹೆಚ್ಚಿ, ಕರಗಿಸುವ ದ್ರಾವಣದಲ್ಲಿ ಹಾಕಿ, ಬೆಚ್ಚಗಿನ ಪೆಟ್ಟಿಗೆಯೊಳಗೆ ಮೆಲ್ಲಗೆ ಕುಲುಕುತ್ತ ಮಾರನೆಯ ದಿನದವರೆಗೆ ಬಿಡಬೇಕು. ಎಲ್ಲ ಕರಗಿದ ಮೇಲೆ ಒಟ್ಟಿಗೆ ಸೋಸಬೇಕು. "ಇಟ್ಟು ಮರೆತುಬಿಡು" ಅನ್ನುವುದು ಸ್ಪಿರಿಟ್ ಅಕ್ಕನ ಮಂತ್ರ. ಸ್ಪಿರಿಟ್ ಅಕ್ಕ ಅಂದರೆ ನನ್ನ ಸೀನಿಯರ್. ಕ್ರಿಮಿ ಸೇರೀತು ಅಂತ ಸ್ಪಿರಿಟ್ ಬಾಟಲಿ ಹಿಡಿದೇ ಓಡಾಡುತ್ತಾಳೆ. ಮೇಜಿಗೆ, ಗ್ಲೌಸಿಗೆ, ಪೆನ್ನಿಗೆ ಹೊಡೆದದ್ದು ಸಾಲದೆ ಒಮ್ಮೆ ನನ್ನ ಊಟದ ಡಬ್ಬಿಗೂ ಹೊಡೆದಳು.

ಇಟ್ಟು ಮರೆಯುವುದು ನನಗೆ ಎಲ್ಲಿ ಬರುತ್ತದೆ, ಹೇಳು. ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವ ಪೈಕಿ ನಾನು. ಒಂದು ರಜೆಯ ದಿನ ಪೆಟ್ಟಿಗೆ ಖಾಲಿ ಸಿಕ್ಕಿತು ಅಂತ ಬೆಳಗ್ಗೆಯೇ ಚೂರುಗಳನ್ನು ಇಟ್ಟೆ. ಇಟ್ಟವಳು ಹೋಗಿ ಕಾಫಿ ಕುಡಿಯಬೇಕೋ ಬೇಡವೋ? ಕಾಫಿ ಆರುವ ಮೊದಲೇ ವಾಪಸ್ ಬಂದು ಬಾಗಿಲು ತೆಗೆದು ನೋಡಿದೆ. ಮತ್ತೆ ಹೋದೆ, ಮತ್ತೆ ಬಂದೆ. ಒಂದು ಸಲ ದ್ರಾವಣ ಕೊಂಚ ಮಬ್ಬಾದಂತೆ ಕಂಡಿತು. ಒಂದು ಹನಿ ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ, ಕೆಲವು ಜೀವಕೋಶಗಳು ಆಗಲೇ ಕೋಣೆ ಬಿಟ್ಟು ಹೊರಗೆ ಬಂದು ದುಂಡಗೆ ನಿಂತಿದ್ದವು. ಗೋಡೆ ಕರಗಿಸುವ ಆ ನೀರಿನಲ್ಲೇ ಇವು ನಾಳೆಯವರೆಗೆ ಯಾಕೆ ನಿಂತಿರಬೇಕು ಅನ್ನಿಸಿತು. ಅವನ್ನು ಹೀರಿ ತೆಗೆದು ಪೋಷಣೆಯ ನೀರಿನಲ್ಲಿ ಬಿಟ್ಟೆ. ಉಳಿದ ಚೂರುಗಳಿಗೆ ಹೊಸ ದ್ರಾವಣ ಹಾಕಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೆಲಸ. ಸಂಜೆಯ ಹೊತ್ತಿಗೆ ಮೇಜಿನ ತುಂಬ ಟ್ಯೂಬುಗಳು. ಸ್ಪಿರಿಟ್ ಅಕ್ಕ ಒಳಗೆ ಬಂದವಳು ಬಾಗಿಲಲ್ಲೇ ನಿಂತು, "ಇದೇನೇ ಟ್ಯೂಬುಗಳ ಮೆರವಣಿಗೆ? ಮೇಡಂ ನೋಡಿದ್ರೆ ನಿನ್ನನ್ನೂ ಆ ದ್ರಾವಣಕ್ಕೇ ಹಾಕ್ತಾರೆ" ಅಂದಳು. ನನ್ನ ಮುಖ ನೋಡಿ, "ಅಳಬೇಡ, ಮೊದಲು ಎಣಿಸು" ಅಂದಳು.

ಎಣಿಸುವುದಕ್ಕೆ ಒಂದು ನೀಲಿ ಬಣ್ಣ ಇದೆ ಅಮ್ಮಾ. ಸತ್ತ ಜೀವಕೋಶ ಅದನ್ನು ಕುಡಿದು ನೀಲಿಯಾಗುತ್ತದೆ. ಬದುಕಿರುವುದು ಬೇಡ ಅಂತ ಬಾಯಿ ಮುಚ್ಚಿಕೊಂಡು ಬೆಳ್ಳಗೇ ಉಳಿಯುತ್ತದೆ. ಯಾವಾಗಲೂ ನನ್ನ ಗಾಜಿನ ಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿಯೋ ನೀಲಿ. ಅವತ್ತು ನೀಲಿ ಅಲ್ಲೊಂದು ಇಲ್ಲೊಂದು. ಬಣ್ಣವೇ ಹಾಳಾಗಿದೆ ಅಂದುಕೊಂಡು ಬೇರೆ ಬಾಟಲಿ ತೆಗೆದೆ. ಆಗಲೂ ಅಷ್ಟೇ. ಮಾರನೆಯ ದಿನ ಮೇಡಂ ತಾವೇ ಕೂತು ಎಣಿಸಿದರು. ಆಮೇಲೆ ಕನ್ನಡಕ ಹಣೆಗೆ ಏರಿಸಿ, ಏನು ಮಾಡಿದೆ ಅಂತ ಕೇಳಿದರು.

"ಸಾರಿ ಮೇಡಂ, ತಡ್ಕೊಳ್ಳೋಕಾಗ್ಲಿಲ್ಲ."

"ಏನನ್ನ?"

"ಭಯಾನ."

ಅವರು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಆದರೆ ನಕ್ಕ ಮಾತ್ರಕ್ಕೆ ಬಿಡಲಿಲ್ಲ. ಬೇರೆ ಬೇರೆ ಕುರಿಗಳ ಮಂಡಿ ತರಿಸಿ, ಅರ್ಧ ಚೂರು ಹಳೆಯ ಪದ್ಧತಿಯಲ್ಲಿ, ಅರ್ಧ ನನ್ನ ಪದ್ಧತಿಯಲ್ಲಿ ಮತ್ತೆ ಮತ್ತೆ ಮಾಡಿಸಿದರು. ಪ್ರತಿ ಸಲವೂ ನನ್ನ ಕಡೆ ಬದುಕಿದವು ದುಪ್ಪಟ್ಟಿಗಿಂತ ಹೆಚ್ಚು. "ಇದು ಲೋಕಕ್ಕೆ ಹೊಸದಲ್ಲ, ಬೇರೆಯವರೂ ಹೀಗೆ ಮಾಡಿ ನೋಡಿದಾರೆ. ಆದ್ರೆ ನಮ್ಮ ಲ್ಯಾಬಿಗೆ ಹೊಸದು. ಇಷ್ಟು ವರ್ಷ ನಾವು ಸುಮ್ಮನೆ ಇಟ್ಟು ಮಲಗ್ತಿದ್ವಿ" ಅಂದರು. ಈಗ ಗೋಡೆಯ ಮೇಲಿನ ಪದ್ಧತಿಯ ಪಟ್ಟಿ ಬದಲಾಗಿದೆ.

ನಿನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ತುಂಬಿದ ಬಸ್ಸು. ಮೊದಲನೇ ಸ್ಟಾಪಿನಲ್ಲಿ ಇಳಿಯಬೇಕಾದವರನ್ನೂ ಇಳಿಸದೆ ಕೊನೇ ಸ್ಟಾಪಿನವರೆಗೆ ಉಸಿರುಕಟ್ಟಿಸಿಕೊಂಡು ಒಯ್ದರೆ ಏನಾಗುತ್ತದೆ? ನಾನು ಸ್ಟಾಪು ಸ್ಟಾಪಿಗೂ ಬಾಗಿಲು ತೆಗೆದು ಇಳಿಸಿದೆ. ಕಂಡಕ್ಟರ್ ಮಗಳು ಬೇರೇನು ಮಾಡಿಯಾಳು.

ಕೆಲಸ ಮುಗಿಯಿತು ಅಂತಲ್ಲ. ತಟ್ಟೆಯಲ್ಲಿ ಬಹಳ ದಿನ ಸಾಕಿದರೆ ಇವು ಚಪ್ಪಟೆಯಾಗಿ, ಕೈಕಾಲು ಚಾಚಿ, ತಮ್ಮ ಕಸುಬನ್ನೇ ಮರೆಯುತ್ತವೆ. ಮೆತ್ತನೆಯ ಗೋಲಿಯೊಳಗೆ ಹಾಕಿ ಮತ್ತೆ ದುಂಡಗಾಗಿಸಿ ನೆನಪಿಸಬೇಕು. "ಹೆಚ್ಚು ಜನ ಇದ್ರೆ ಸಾಲದು, ಕೆಲಸ ಗೊತ್ತಿರೋರು ಬೇಕು" ಅನ್ನುತ್ತಾರೆ ಮೇಡಂ. ಇಷ್ಟಾದರೂ ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ನಿನಗೆ ಫೋನ್ ಮಾಡಿ "ಯೀಲ್ಡ್ ಜಾಸ್ತಿ ಆಯ್ತಮ್ಮಾ" ಅಂದದ್ದು ಆಗಲೇ. ನೀನು "ಗೊತ್ತಿತ್ತು ಬಿಡು, ಬೇಗ ಬೇಗ ಬೆಳೆಸು" ಅಂದೆ. ನೀನು ಏನನ್ನು ಬೆಳೆಸಲು ಹೇಳುತ್ತಿದ್ದೀ ಅಂತ ನನಗೆ ಹೊಳೆಯಲಿಲ್ಲ.

ಇಲ್ಲಿಗೆ ಸಿಹಿ ಮುಗಿಯಿತು.

ಹೋದ ವಾರ ಡ್ರೈವರ್ ಮಾವ ಫೋನ್ ಮಾಡಿದ್ದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಸ್ಟೀರಿಂಗ್ ಹಿಡಿದು ಇಷ್ಟು ವರ್ಷ ನಿನ್ನ ವಿಷಲ್ ಸದ್ದಿಗೇ ಕಾದ ಮನುಷ್ಯ, ನಿನ್ನ ಬಾಯಿಗೆ ಹೆದರಿ ಎಷ್ಟು ದಿನ ಸುಮ್ಮನಿದ್ದಾರು? ಎಂದಿನ ಹಾಗೆ ನನ್ನ ಅಡ್ಡಹೆಸರು ಹಿಡಿದು, "ಚಿಲ್ಲರೆ, ನಿಮ್ಮಮ್ಮ ಹತ್ತೋಕೆ ಆಗ್ಲಿ ಅಂತ ನಾನು ಬಸ್ಸನ್ನ ಫುಟ್‌ಪಾತಿಗೆ ಒರೆಸ್ಕೊಂಡೇ ನಿಲ್ಲಿಸ್ತಿದೀನಿ. ಟೈರು ಸವೀತಿದೆ, ಅವಳ ಮಂಡಿ ಥರಾನೇ" ಅಂದರು. ಡಿಪೋದವರು ಕೂತು ಮಾಡುವ ಕೆಲಸ ಕೊಡುತ್ತೇವೆ ಅಂದರೂ ನೀನು ಒಪ್ಪಲಿಲ್ಲವಂತೆ. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರೆ ಬೇಡ ಅಂದೆಯಂತೆ. ಯಾಕೆ ಅಂತ ಕೇಳಿದವರಿಗೆಲ್ಲ, "ನನ್ನ ಮಗಳು ಲ್ಯಾಬಲ್ಲಿ ನನ್ನ ಮಂಡಿ ಬೆಳೆಸ್ತಿದಾಳೆ. ಸ್ವಂತದ್ದು ಬರ್ತಿರುವಾಗ ಲೋಹದ್ದು ಯಾರಿಗೆ ಬೇಕು?" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳುತ್ತಿದ್ದೀಯಂತೆ. ಪ್ರಯಾಣಿಕರು ದಿನಾ ಇಳಿಯುವಾಗ, "ಎಲ್ಲೀವರೆಗೆ ಬಂತು ಮಂಡಿ?" ಅಂತ ಕೇಳುತ್ತಾರಂತೆ. ನೀನು, "ಕುರಿದು ಆಗಿದೆ, ಇನ್ನು ನಂದೇ" ಅನ್ನುತ್ತೀಯಂತೆ.

ಮೊದಲು ನಾನೂ ನಕ್ಕೆ. ಆಮೇಲೆ ಮಾವ ನಿನ್ನ ಎಕ್ಸ್‌ರೇಯ ಫೋಟೋ ಕಳಿಸಿದರು. ಬಸ್ಸಿನ ಮುಂದಿನ ಗಾಜಿಗೆ ಹಿಡಿದು ತೆಗೆದದ್ದು. ಪಕ್ಕದಲ್ಲಿ ವೈಪರು, ಹಿಂದೆ ಒಂದು ದೀಪದ ಕಂಬ. ಮಂಡಿಯ ಎರಡು ಮೂಳೆಗಳ ನಡುವೆ ಒಂದು ಕಪ್ಪು ಸಂದು ಕಾಣಬೇಕು ಅಮ್ಮಾ. ಆ ಸಂದಿನಲ್ಲೇ ನಾನು ಹೇಳಿದ ಪದರ ಇರುವುದು. ನಿನ್ನ ಎಕ್ಸ್‌ರೇಯಲ್ಲಿ ಸಂದೇ ಇಲ್ಲ. ಮೂಳೆಯ ಮೇಲೆ ಮೂಳೆ ಕೂತಿದೆ. ಇದನ್ನು ಇಟ್ಟುಕೊಂಡು ನೀನು ದಿನಾ ಬಸ್ಸಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೀ. ಫೋನಿನಲ್ಲಿ ನನ್ನನ್ನು ಊಟ ಆಯ್ತಾ ಅಂತ ಕೇಳುತ್ತಿದ್ದೀ.

ಮೇಡಂ ಹತ್ತಿರ ಹೋಗಿ, ನನ್ನ ಸ್ನೇಹಿತೆಯ ಅಮ್ಮನದು, ನಮ್ಮ ಪದ್ಧತಿ ಇದಕ್ಕೆ ಆಗಬಹುದಾ ಅಂತ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ರಸ್ತೇಲಿ ಒಂದು ಗುಂಡಿ ಬಿದ್ರೆ ತೇಪೆ ಹಾಕ್ಬಹುದು. ವಯಸ್ಸಿನ ಹುಡುಗರು ಆಟದಲ್ಲಿ ಬಿದ್ದು ಮಾಡ್ಕೊಂಡಿರ್ತಾರಲ್ಲ, ಅಂಥದ್ದಕ್ಕೆ ನಮ್ಮ ಕೆಲಸ. ಇಲ್ಲಿ ರಸ್ತೇನೇ ಉಳಿದಿಲ್ಲ. ತೇಪೆ ಯಾವುದಕ್ಕೆ ಅಂಟಿಸ್ತೀಯ? ಇವರಿಗೆ ಆಪರೇಷನ್ನೇ ದಾರಿ, ಒಳ್ಳೇ ದಾರೀನೇ. ತಡ ಮಾಡಿದಷ್ಟೂ ಕಾಲಿನ ಬಲ ಹೋಗುತ್ತೆ" ಅಂದರು. ಫೋನ್ ವಾಪಸ್ ಕೊಡುವಾಗ ಮೆಲ್ಲಗೆ, "ನಿನ್ನ ಸ್ನೇಹಿತೆಯ ಅಮ್ಮನ ಎಕ್ಸ್‌ರೇ ಬಸ್ಸಿನ ಗಾಜಿನ ಮೇಲಿದೆಯಲ್ಲ. ನಿಮ್ಮಮ್ಮ ಕಂಡಕ್ಟರ್ ಅಲ್ವಾ?" ಅಂತ ಕೇಳಿದರು.

ನಾನು ಶೀತಲ ಕೋಣೆಗೆ ಹೋಗಿ ಅತ್ತೆ. ಅಲ್ಲಿ ಫ್ರಿಜ್ಜಿನೊಳಗಿನಷ್ಟು ಚಳಿ, ಯಾರೂ ಬರುವುದಿಲ್ಲ ಅಂತ. ಸ್ಪಿರಿಟ್ ಅಕ್ಕ ಯಾವುದೋ ಬಾಟಲಿಗೆ ಬಂದವಳು ನನ್ನನ್ನು ನೋಡಿ ಏನು ಮಾಡಬೇಕೋ ತಿಳಿಯದೆ, ತನ್ನ ಎರಡೂ ಕೈಗೆ ಸ್ಪಿರಿಟ್ ಹೊಡೆದುಕೊಂಡು, ಒಣಗಿಸಿಕೊಂಡು, ಆಮೇಲೆ ಅಪ್ಪಿಕೊಂಡಳು. ಅಳುತ್ತಲೇ ನಗು ಬಂತು.

ಹಾಗಾಗಿ ಅಮ್ಮಾ, ಸುತ್ತಿ ಬಳಸಿದ್ದು ಸಾಕು. ನಾನು ಬೆಳೆಸುತ್ತಿರುವುದು ನಿನ್ನ ಮಂಡಿ ಅಲ್ಲ. ಮುಂದಿನ ವರ್ಷವೂ ಅಲ್ಲ, ನಾನು ಎಷ್ಟು ಓದಿದರೂ ಅಲ್ಲ. ನಿನ್ನ ಮಂಡಿಗೆ ಅದು ತಡವಾಯಿತು. ಇದನ್ನು ಬರೆಯುವುದಕ್ಕೇ ನಾನು ಕುರಿ, ಬಣ್ಣ, ಟ್ಯೂಬು ಅಂತ ಇಷ್ಟು ದೂರ ಸುತ್ತಿಕೊಂಡು ಬಂದೆ.

ನೀನೊಬ್ಬಳೇ ಹೀಗೆ ಅಂದುಕೊಂಡವಳಲ್ಲ. ಇಲ್ಲಿ ಸೇರುವಾಗ ಇಂಟರ್ವ್ಯೂನಲ್ಲಿ ಈ ವಿಷಯವೇ ಯಾಕೆ ಅಂತ ಕೇಳಿದರು. ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಸಮಾಜ, ವೃದ್ಧರು, ಭವಿಷ್ಯ ಅಂತ ಏನೇನೋ ಹೇಳಿದೆ. ನಿಜ ಅದಲ್ಲ. ಶಾಲೆಯ ಹಾಸ್ಟೆಲಿನಲ್ಲಿ ನನ್ನ ಕೋಣೆ ಮೂರನೇ ಮಹಡಿ. ನೀನು ನೋಡಲು ಬಂದಾಗ ಮೆಟ್ಟಿಲ ಮೇಲೆ ನಿನ್ನ ಮಂಡಿ ಕಟಕಟ ಅನ್ನುವುದು ನನಗೆ ಮುಖ ಕಾಣುವ ಮೊದಲೇ ಕೇಳುತ್ತಿತ್ತು. ಆ ಸದ್ದು ಕೇಳಿದರೆ ಹುಡುಗಿಯರೆಲ್ಲ "ನಿಮ್ಮಮ್ಮ ಬಂದ್ರು" ಅನ್ನುತ್ತಿದ್ದರು. ನನಗೆ ಖುಷಿ, ಬೇಜಾರು ಎರಡೂ ಒಟ್ಟಿಗೇ ಆಗುತ್ತಿತ್ತು. ಅದನ್ನು ಸರಿಮಾಡಬಹುದು ಅಂತಲೇ ನಾನು ಈ ಕಡೆ ಬಂದದ್ದು. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಕನಸಿಗೆ ಟಿಕೆಟ್ ತೆಗೆದುಕೊಂಡಿದ್ದೆವು, ಅಷ್ಟೇ.

ಮಾವ ಇನ್ನೊಂದು ಮಾತು ಹೇಳಿದರು. ಲೋಹದ ಮಂಡಿ ಹಾಕಿಸಿಕೊಂಡರೆ ಮಗಳ ಕೆಲಸದ ಮೇಲೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದೆ ಅಂತ ನೀನು ಅಂದೆಯಂತೆ. ಅಯ್ಯೋ ಅಮ್ಮಾ. ನಿನ್ನ ನಂಬಿಕೆಯನ್ನು ನಾನು ಹೀಗೆ ನೋವು ತಿನ್ನಿಸಿ ಸಾಕಲಾರೆ. ನನ್ನ ಕೆಲಸ ಯಾವುದಾದರೂ ಓಡುವ ಹುಡುಗಿಯ ಮಂಡಿಗೆ ಒಂದು ದಿನ ಆದೀತು. ಆಗ ನೀನು ಬಸ್ಸಿನ ತುಂಬ ಹೇಳಿಕೊಂಡು ಬಾ, ನಾನು ತಡೆಯುವುದಿಲ್ಲ. ಅಲ್ಲಿಯವರೆಗೆ, "ಮಗಳೇ ಹೇಳಿದಳು, ಲೋಹದ್ದೇ ಹಾಕಿಸ್ಕೋ ಅಂದಳು" ಅಂತ ಹೇಳು. ಅದೂ ನನ್ನ ಕೆಲಸದಿಂದಲೇ ನಾನು ಕಲಿತ ಮಾತು.

ಡಾಕ್ಟರು ಕೊಟ್ಟಿದ್ದ ದಿನವನ್ನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲ. ಮಾವನೇ ಹೋಗಿ ವಿಚಾರಿಸಿದ್ದಾರೆ. ನೀನು ಹೂಂ ಅಂದರೆ ಸಾಕು. ನಾನು ರಜೆ ಕೇಳಿದ್ದೇನೆ, ಮೇಡಂ ಕೊಟ್ಟಿದ್ದಾರೆ. ನನ್ನ ತಟ್ಟೆಗಳಿಗೆ ದಿನ ಬಿಟ್ಟು ದಿನ ಪೋಷಣೆಯ ನೀರು ಬದಲಿಸಬೇಕಲ್ಲ ಅಂತ ನಾನು ಹಿಂದೆಮುಂದೆ ನೋಡುತ್ತಿದ್ದರೆ ಸ್ಪಿರಿಟ್ ಅಕ್ಕ, "ನಿನ್ನ ಮಕ್ಕಳಿಗೆ ನಾನು ಊಟ ಹಾಕ್ತೀನಿ, ನೀನು ಹೋಗಿ ನಿಮ್ಮಮ್ಮನಿಗೆ ಹಾಕು" ಅಂದಳು. ನನಗೆ ಅಡುಗೆ ಬರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲ. ನೀನು ಹಾಸಿಗೆಯಿಂದಲೇ ಕೂಗಿ ಹೇಳು, ನಾನು ಒಲೆಯ ಮುಂದೆ ನಿಂತು ಮಾಡುತ್ತೇನೆ. ಉಪ್ಪು ಹೆಚ್ಚಾದರೆ ಬೈಯಲು ನಿನಗೂ ಹೊತ್ತು ಹೋಗುತ್ತದೆ. ಕಾಲು ಮಡಿಸುವ ವ್ಯಾಯಾಮಕ್ಕೆ ನೀನು ಸಬೂಬು ಹೇಳಿದರೆ ವಾರ್ಡನ್ ಥರ ನಿಂತು ಮಾಡಿಸುತ್ತೇನೆ. ಹಾಗೆ ನಿಲ್ಲುವುದನ್ನು ನನಗೆ ಶಾಲೆಯಲ್ಲಿ ಚೆನ್ನಾಗಿಯೇ ಕಲಿಸಿದ್ದಾರೆ.

ಇಷ್ಟು ವರ್ಷ ನೀನು ಬಂದು ನೋಡಿ ಹೋಗುವವಳಾಗಿದ್ದೆ, ನಾನು ಕಿಟಕಿಯಿಂದ ಕೈಬೀಸುವವಳಾಗಿದ್ದೆ. ಈ ಸಲ ನಾನು ಬಂದು ಉಳಿಯುತ್ತೇನೆ.

ಮನಸ್ಸಿನ ತುಂಬ ಪ್ರೀತಿಯಿಂದ, ಹೊಟ್ಟೆಯ ತುಂಬ ಭಯದಿಂದ,

ನಿನ್ನ
ಚಿಲ್ಲರೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆಪರೇಷನ್ನಿನಲ್ಲಿ ಸವೆದ ಮೂಳೆಯ ತುದಿಯನ್ನು ಕತ್ತರಿಸಿ ತೆಗೆಯುತ್ತಾರೆ. ಅದರ ಅಂಚಿನಲ್ಲಿ ಎಲ್ಲೋ ಒಂದಿಷ್ಟು ಪದರ ಉಳಿದಿರುತ್ತದೆ. ಸಾಮಾನ್ಯವಾಗಿ ಅದು ಕಸಕ್ಕೆ ಹೋಗುತ್ತದೆ. ರೋಗಿ ಒಪ್ಪಿದರೆ ನಿಮ್ಮ ಆಸ್ಪತ್ರೆಯಿಂದಲೂ ಐಸ್ ಡಬ್ಬಿಯಲ್ಲಿ ನಮ್ಮ ಲ್ಯಾಬಿಗೆ ಬರುತ್ತದೆ. ಕೆಲಸಕ್ಕೆ ತೆಗೆಯುವವರೆಗೆ ಕೆಡದ ಹಾಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಸವೆದ ಮಂಡಿಗಳಿಂದ ಜೀವಕೋಶ ಬಿಡಿಸುವುದು ತುಂಬ ಕಷ್ಟ. ಇರುವುದೇ ಕಡಿಮೆ, ಇರುವವೂ ಬೇಗ ಸಾಯುತ್ತವೆ. ಮುಂದಿನ ವರ್ಷ ನಾನು ಅದನ್ನೇ ಮಾಡಬೇಕು ಅಂತ ಮೇಡಂ ಹೇಳಿದ್ದಾರೆ. ನಿನ್ನನ್ನು ಕೇಳುತ್ತೇನೆ ಅಂತ ನಾನೇ ಅಂದೆ. ಕೊಡಲೇಬೇಕು ಅಂತಿಲ್ಲ, ಮಗಳು ಅಂತ ಕೊಡಬೇಡ. ಕೊಟ್ಟರೂ ಡಬ್ಬಿಯ ಮೇಲೆ ಹೆಸರು ಇರುವುದಿಲ್ಲ, ಬರೀ ನಂಬರು. ಯಾವುದು ನಿನ್ನದು ಅಂತ ನನಗೆ ಯಾರೂ ಹೇಳುವುದಿಲ್ಲ, ನಾನು ಕೇಳುವ ಹಾಗೂ ಇಲ್ಲ. ಹಾಗಾಗಿ ಬಂದ ಡಬ್ಬಿಗಳನ್ನೆಲ್ಲ, ಒಂದನ್ನೂ ಬಿಡದೆ, ನಿನ್ನದೇ ಅಂದುಕೊಂಡು ತೆರೆಯಬೇಕಾಗುತ್ತದೆ. ಆಪರೇಷನ್ನಿಗೆ ಹೂಂ ಅಂತಲೋ ಊಹೂಂ ಅಂತಲೋ, ಡಬ್ಬಿಗೆ ಹೂಂ ಅಂತಲೋ ಊಹೂಂ ಅಂತಲೋ ಬರಿ. ಫೋನ್ ಮಾಡಿದರೂ ಆದೀತು. ದಯವಿಟ್ಟು ಬೇಗ ಉತ್ತರ ಕೊಡು.